ಕೊಚ್ಚಿಯ ಹಗ್ಗ, ಮಕ್ಕಳ ಕೈ

ಮಕ್ಕಳನ್ನು ಕಟ್ಟಿಕೊಂಡು ಇತಿಹಾಸದ ಊರಿಗೆ ಹೋಗುವವರಿಗೆ ಒಂದು ಸಂಕಟ ಗೊತ್ತಿರುತ್ತದೆ. ಇದನ್ನು ಕಟ್ಟಿಸಿದವರು ಯಾರು, ಯಾವ ಇಸವಿಯಲ್ಲಿ ಎಂದು ಹೇಳಲು ನಾವು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಐಸ್‌ಕ್ರೀಮ್ ಗಾಡಿಯ ಗಂಟೆ ಕೇಳಿಸುತ್ತದೆ. ಅಲ್ಲಿಗೆ ಪೋರ್ಚುಗೀಸರ ಕಥೆಯೂ ಮುಗಿಯಿತು, ಡಚ್ಚರ ಕಥೆಯೂ ಮುಗಿಯಿತು. ಹಾಗಾಗಿ ಕ್ರಿಸ್‌ಮಸ್ ರಜೆಗೆ ಕೊಚ್ಚಿ ಎಂದಾಗ ನೆಂಟರಿಷ್ಟರೆಲ್ಲ ಕೇಳಿದ್ದು ಒಂದೇ ಪ್ರಶ್ನೆ: ‘ಮಕ್ಕಳಿಗೆ ಅಲ್ಲಿ ಏನುಂಟು? ವಂಡರ್‌ಲಾಕ್ಕೆ ಹೋಗ್ತೀರಾ?’ ವಂಡರ್‌ಲಾ ಅಲ್ಲಿ ಇದೆ, ನಿಜ. ಆದರೆ ನೀರಿನ ಜಾರುಬಂಡೆಗಾಗಿ ಮಂಗಳೂರಿನಿಂದ 400 ಕಿಲೋಮೀಟರ್ ರೈಲಿನಲ್ಲಿ ಕೂರಬೇಕಾಗಿಲ್ಲ.

ಹಳೆ ಕೊಚ್ಚಿಯಲ್ಲಿ ಮಕ್ಕಳಿಗೆಂದೇ ಮಾಡಿಟ್ಟದ್ದು ಕಡಿಮೆ. ಹಾಗಿದ್ದೂ ನಾಲ್ಕನೇ ಕ್ಲಾಸಿನ ಮಗಳು, ಯುಕೆಜಿಯ ಮಗ, ಮಂಡಿನೋವಿನ ಅಮ್ಮ, ಮೂವರಲ್ಲಿ ಒಬ್ಬರೂ ‘ರೂಮಿಗೆ ಹೋಗುವಾ’ ಅನ್ನಲಿಲ್ಲ. ಯಾಕೆಂದು ನನಗೆ ತೋಚಿದ್ದು ಇಷ್ಟು: ಆ ಊರಿನಲ್ಲಿ ಹಳೆಯ ವಸ್ತುಗಳು ಇನ್ನೂ ಕೆಲಸ ಬಿಟ್ಟಿಲ್ಲ. ಬೋರ್ಡು ಓದಿ ತಿಳಿಯಬೇಕಾದದ್ದಕ್ಕಿಂತ ಹಗ್ಗ ಹಿಡಿದು ಎಳೆದು ತಿಳಿಯಬಹುದಾದದ್ದೇ ಅಲ್ಲಿ ಹೆಚ್ಚು.

ರೈಲು ಇಳಿಯುವುದು ಎರ್ನಾಕುಲಂನಲ್ಲಿ. ಮಾಲು, ಮೆಟ್ರೋ, ಟ್ರಾಫಿಕ್ಕು ಎಲ್ಲ ಅಲ್ಲಿ. ಹಳೆ ಕೊಚ್ಚಿ, ಅಂದರೆ ಫೋರ್ಟ್ ಕೊಚ್ಚಿ ಮತ್ತು ಮಟ್ಟಾಂಚೇರಿ, ಹಿನ್ನೀರಿನ ಆಚೆ ದಡದಲ್ಲಿ. ಸೇತುವೆ ದಾಟಿ ಆಟೋದಲ್ಲೂ ಹೋಗಬಹುದು, ಹೋಗಬೇಡಿ. ಹೈಕೋರ್ಟ್ ಜೆಟ್ಟಿಯಲ್ಲಿ ವಾಟರ್ ಮೆಟ್ರೋ ಹತ್ತಿ. 2023ರ ಏಪ್ರಿಲ್‌ನಲ್ಲಿ ಶುರುವಾದ ಈ ಬ್ಯಾಟರಿ ದೋಣಿಗಳನ್ನು ಕಟ್ಟಿದ್ದು ಅಲ್ಲಿಯದೇ ಕೊಚ್ಚಿನ್ ಶಿಪ್‌ಯಾರ್ಡ್. ಫೋರ್ಟ್ ಕೊಚ್ಚಿಯವರೆಗೆ ಬಂದದ್ದು ಮರುವರ್ಷ. ನೂರು ಜನ ಹಿಡಿಸುವ ಎಸಿ ದೋಣಿ, ಎರಡೂ ಕಡೆ ಅಗಲವಾದ ಗಾಜು, ನಾವು ಹೋದಾಗ ಟಿಕೆಟ್ 40 ರೂಪಾಯಿ. ಇಷ್ಟು ಕಡಿಮೆ ದುಡ್ಡಿಗೆ ಇಷ್ಟು ಒಳ್ಳೆಯ ಸವಾರಿ ನಾನು ಬೇರೆಲ್ಲೂ ಮಾಡಿಲ್ಲ. ಅಮ್ಮನಿಗೆ ಹಿಡಿಸಿದ್ದು ಬೇರೆಯೇ. ಅಲ್ಲಿ ಜೆಟ್ಟಿಯೇ ನೀರಿನ ಮೇಲೆ ತೇಲುತ್ತದೆ; ಉಬ್ಬರಕ್ಕೆ ಏರಿ ಇಳಿತಕ್ಕೆ ಇಳಿದು, ದೋಣಿಯ ನೆಲಕ್ಕೆ ಸಮನಾಗಿ ನಿಲ್ಲುತ್ತದೆ. ಸುಲ್ತಾನ್ ಬತ್ತೇರಿಯಿಂದ ತಣ್ಣೀರುಬಾವಿಗೆ ದಾಟುವಾಗ ಇಬ್ಬರ ಕೈ ಹಿಡಿದು ದೋಣಿಗೆ ಕಾಲಿಡುವ ಅಮ್ಮ, ಇಲ್ಲಿ ಯಾರ ಹಂಗೂ ಇಲ್ಲದೆ ನಡೆದು ಹೋಗಿ ಕಿಟಕಿ ಪಕ್ಕದ ಸೀಟು ಹಿಡಿದರು. ಮುದುಕರ ಮಂಡಿ ನೋಯದಿದ್ದರೆ ಸಂಸಾರದ ಪ್ರವಾಸ ಅರ್ಧ ಗೆದ್ದ ಹಾಗೆ.

ಬಲಕ್ಕೆ ವಲ್ಲಾರ್ಪಾಡಂ ಕಂಟೇನರ್ ಬಂದರಿನ ಕ್ರೇನುಗಳು, ಎಡಕ್ಕೆ ವಿಲ್ಲಿಂಗ್ಡನ್ ದ್ವೀಪ. ಆ ದ್ವೀಪ ಮನುಷ್ಯರು ಮಾಡಿದ್ದು ಎಂದಾಗ ಮಗ ನಂಬಲೇ ಇಲ್ಲ. ಈ ಊರಿನ ಅದೃಷ್ಟ ಬರೆದದ್ದು ನೀರು ಮತ್ತು ಹೂಳು. 1341ರಲ್ಲಿ ಪೆರಿಯಾರಿಗೆ ಬಂದ ದೊಡ್ಡ ನೆರೆ ಕೊಡುಂಗಲ್ಲೂರಿನ ಹಳೆಯ ಬಂದರಿಗೆ ಹೂಳು ತುಂಬಿ, ಇಲ್ಲಿ ಹೊಸ ಅಳಿವೆ ತೆರೆಯಿತು ಎನ್ನುತ್ತಾರೆ. ಆದರೆ ಅಳಿವೆಯ ಬಾಯಿಗೆ ಮರಳಿನ ದಿಬ್ಬ ಅಡ್ಡ ಇದ್ದುದರಿಂದ ದೊಡ್ಡ ಹಡಗುಗಳು ಹೊರಗೇ ನಿಲ್ಲಬೇಕಿತ್ತು. 1920ರಲ್ಲಿ ಬಂದ ರಾಬರ್ಟ್ ಬ್ರಿಸ್ಟೋ ಎಂಬ ಇಂಗ್ಲಿಷ್ ಎಂಜಿನಿಯರ್ ಆ ದಿಬ್ಬ ಕಡಿಸಿ, ಹೂಳೆತ್ತಿಸಿ, ಎತ್ತಿದ ಮಣ್ಣನ್ನೇ ತುಂಬಿ ಈ ದ್ವೀಪ ಮಾಡಿಸಿದ. ನೇತ್ರಾವತಿ ಅಳಿವೆಯ ಹೂಳಿನ ಸುದ್ದಿಯನ್ನು ಪೇಪರಿನಲ್ಲಿ ಓದುತ್ತಲೇ ಇರುವ ನಮ್ಮಂಥವರಿಗೆ ಇದು ಹೊಟ್ಟೆಕಿಚ್ಚಿನ ವಿಷಯ.

ಫೋರ್ಟ್ ಕೊಚ್ಚಿಯಲ್ಲಿ ಇಳಿದು ಸ್ವಲ್ಪ ನಡೆದರೆ ಚೀನಾ ಬಲೆಗಳು. ಪೋಸ್ಟರಿನಲ್ಲಿ, ಕ್ಯಾಲೆಂಡರಿನಲ್ಲಿ ಇವನ್ನು ನೋಡಿ ನೋಡಿ ಬೇಸರ ಬಂದಿತ್ತು ನನಗೆ. ಹತ್ತಿರ ಹೋದ ಮೇಲೆ ಬೇಸರ ಹೋಯಿತು. ದಡದಿಂದ ನೀರಿಗೆ ಚಾಚಿದ ಹಲಗೆಯ ಅಟ್ಟಣಿಗೆ. ಅದರ ತುದಿಯಲ್ಲಿ ಮುಂದಕ್ಕೆ ವಾಲಿದ ದಪ್ಪ ಮರಗಳು, ಮರದ ತುದಿಗೆ ಬಾಗಿದ ನಾಲ್ಕು ಗಳ, ಗಳಗಳಿಗೆ ಕಟ್ಟಿದ ಮನೆಯಗಲದ ಬಲೆ. ಹಿಂಬದಿಯಲ್ಲಿ ಹಗ್ಗಕ್ಕೆ ಬಿಗಿದ ಕಲ್ಲುಗುಂಡುಗಳು ಒಂದರ ಕೆಳಗೊಂದು ತೂಗಾಡುತ್ತವೆ. ಒಬ್ಬ ಆ ಮರದ ಮೇಲೆ ನೀರಿನ ಕಡೆಗೆ ಬರಿಗಾಲಲ್ಲಿ ನಡೆಯುತ್ತಾನೆ; ಅವನ ಭಾರಕ್ಕೇ ಬಲೆ ಮೆಲ್ಲಗೆ ಮುಳುಗುತ್ತದೆ. ಐದು ನಿಮಿಷ ಸುಮ್ಮನಿದ್ದು, ನಾಲ್ಕೈದು ಜನ ಒಟ್ಟಿಗೆ ಹಗ್ಗ ಜಗ್ಗುತ್ತಾರೆ. ಬಲೆ ಏರಿದಂತೆಲ್ಲ ಕಲ್ಲುಗಳು ಇಳಿದು ಒಂದೊಂದಾಗಿ ಹಲಗೆಯ ಮೇಲೆ ದಡಕ್ಕೆಂದು ಕೂರುತ್ತವೆ. ಮಗಳು ‘ಸೀಸಾ’ ಎಂದಳು. ಅಮ್ಮ ಒಂದು ಕ್ಷಣ ನೋಡಿ, ‘ಏತ ಅಲ್ವಾ ಇದು! ನಮ್ಮ ಅಜ್ಜನ ತೋಟದಲ್ಲಿ ಮರದ ಮೇಲೆ ಹೀಗೇ ನಡೀತಿದ್ರು’ ಎಂದರು. ಬಲೆಯ ತಂತ್ರವನ್ನು ನಾನು ಯಾರಿಗೂ ವಿವರಿಸಬೇಕಾಗಲಿಲ್ಲ.

ಬಲೆಯವರಲ್ಲಿ ಹಿರಿಯನೊಬ್ಬ ‘ವಾ ಮೋಳೆ’ ಎಂದು ಮಗಳನ್ನು ಕರೆದು ಹಗ್ಗ ಕೊಟ್ಟ. ಹಿಂದಿನಿಂದ ಅವರು, ಮುಂದಿನಿಂದ ಇವಳು, ನಡುವೆ ನುಸುಳಿದ ತಮ್ಮ. ಮೇಲೆ ಬಂದದ್ದು ಒಂದಷ್ಟು ಬೆಳ್ಳಿಬಣ್ಣದ ಸಣ್ಣ ಮೀನು, ಎರಡು ಏಡಿ, ಒಂದು ಪ್ಲಾಸ್ಟಿಕ್ ಚೀಲ. ಕೆಲವು ತಿಂಗಳು ಇಲ್ಲಿ ಅಂತರಗಂಗೆ ಗಿಡವೇ ಬಲೆ ತುಂಬ ಬರುತ್ತದೆಯಂತೆ. ಮರಕ್ಕೆ, ಹಗ್ಗಕ್ಕೆ, ಬಲೆಗೆ ಆಗುವ ಖರ್ಚು ಮೀನಿನಲ್ಲಿ ಹುಟ್ಟುವುದಿಲ್ಲ. ಕೆಲವು ಕಡೆ ಮರದ ಜಾಗಕ್ಕೆ ಕಬ್ಬಿಣದ ಪೈಪು ಬಂದಿದೆ. ಪ್ರವಾಸಿಗರು ಕೊಡುವ ನೂರಿನ್ನೂರೇ ಇವರ ಕೈ ಹಿಡಿಯುತ್ತದೆ. ಇದೆಲ್ಲ ನಾಟಕ ಎಂದು ಮೂಗು ಮುರಿಯುವವರಿದ್ದಾರೆ. ನನಗೆ ಹಾಗನ್ನಿಸಲಿಲ್ಲ. ಹಗ್ಗ ನಿಜದ್ದು, ಭಾರ ನಿಜದ್ದು, ಮಗಳ ಅಂಗೈ ಕೆಂಪಾದದ್ದೂ ನಿಜ. ಬಲೆಯನ್ನು ತಂದವರು ಚೀನಾದ ವ್ಯಾಪಾರಿಗಳೋ, ಮಕಾವಿನಿಂದ ಬಂದ ಪೋರ್ಚುಗೀಸರೋ ಎಂಬ ಜಗಳ ವಿದ್ವಾಂಸರಿಗಿರಲಿ.

ಪಕ್ಕದ ಬೀಚಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕಡಲು ಮರಳನ್ನು ತಿಂದು, ಉಳಿದದ್ದು ಒಂದು ಪಟ್ಟಿ. ಪಣಂಬೂರು, ಮಲ್ಪೆ ಕಂಡವರಿಗೆ ಅದು ಬೀಚೇ ಅಲ್ಲ. ಮಕ್ಕಳು ನೀರಿಗಿಳಿಯಲೇಬೇಕೆಂದು ಹಟ ಹಿಡಿದರೆ ವೈಪಿನ್ ದ್ವೀಪದ ಚೆರಾಯಿಗೆ ಹೋಗಿ.

ಸಂತ ಫ್ರಾನ್ಸಿಸ್ ಚರ್ಚು ಬಲೆಗಳಿಂದ ನಡೆದು ಹೋಗುವಷ್ಟು ದೂರ. 1503ರಲ್ಲಿ ಮರದಲ್ಲಿ ಕಟ್ಟಿ, ಆಮೇಲೆ ಕಲ್ಲಿನಲ್ಲಿ ಎಬ್ಬಿಸಿದ್ದು. ಯುರೋಪಿನವರು ಭಾರತದಲ್ಲಿ ಕಟ್ಟಿದ ಚರ್ಚುಗಳಲ್ಲಿ ಇದೇ ಅತಿ ಹಳೆಯದೆಂದು ಹೆಸರು. ವಾಸ್ಕೋ ಡ ಗಾಮ ಸತ್ತದ್ದು ಕೊಚ್ಚಿಯಲ್ಲೇ, 1524ರ ಕ್ರಿಸ್‌ಮಸ್ ಹಿಂದಿನ ದಿನ. ಇಲ್ಲೇ ಹುಗಿದರು, ಹದಿನೈದು ವರ್ಷದ ಆಸುಪಾಸಿನಲ್ಲಿ ಎಲುಬುಗಳನ್ನು ಪೋರ್ಚುಗಲ್ಲಿಗೆ ಒಯ್ದರು. ಸುತ್ತ ಕಟಕಟೆ ಹಾಕಿದ ಕಲ್ಲನ್ನು ನೋಡಿ ಮಗಳು ಕೇಳಿದಳು: ‘ಒಳಗೆ ಅವನೇ ಇಲ್ಲ, ಮತ್ತೆ ಯಾಕೆ ಬೇಲಿ?’ ಇದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಸಮಾಜ ಪುಸ್ತಕದ ಗಾಮನಿಗಿಂತ ಅವಳಿಗೆ ಹಿಡಿಸಿದ್ದು ಮೇಲೆ ತೂಗುತ್ತಿದ್ದ ಬಟ್ಟೆಯ ಪಂಖಗಳು. ಉದ್ದ ಕೋಲಿಗೆ ಇಳಿಬಿಟ್ಟ ಬಿಳಿ ಬಟ್ಟೆ. ಅದರ ಹಗ್ಗ ಗೋಡೆಯ ತೂತಿನಿಂದ ಹೊರಗೆ ಹೋಗುತ್ತದೆ. ಒಳಗೆ ದೊರೆಗಳು ಪ್ರಾರ್ಥನೆ ಮಾಡುವಷ್ಟು ಹೊತ್ತು, ಹೊರಗೆ ಬಿಸಿಲಲ್ಲಿ ಕೂತವನು ಹಗ್ಗ ಎಳೆಯುತ್ತಿರಬೇಕಿತ್ತು. ‘ಅವನಿಗೆ ಯಾರು ಗಾಳಿ ಹಾಕ್ತಿದ್ರು?’ ಎಂದ ಮಗ. ವಸಾಹತುಶಾಹಿಯ ಬಗ್ಗೆ ಯುಕೆಜಿ ಹುಡುಗನಿಗೆ ಇದಕ್ಕಿಂತ ಚೆನ್ನಾಗಿ ಪಾಠ ಹೇಳಲು ನನ್ನಿಂದಾಗದು.

ಊಟದ ಚಿಂತೆ ನಮ್ಮ ಕಡೆಯವರಿಗೆ ಇಲ್ಲ. ಮಟ್ಟ ಅಕ್ಕಿಯ ಅನ್ನ ನಮ್ಮ ಕುಚ್ಚಲಕ್ಕಿಯ ದಾಯಾದಿ. ಪುಟ್ಟು, ಕಡಲೆ, ಅಪ್ಪಂ ಮಕ್ಕಳಿಗೂ ಇಷ್ಟ. ನಾವು ಬಾಳೆಹಣ್ಣಿನ ಪೋಡಿ ಎನ್ನುವುದು ಅಲ್ಲಿ ಚಹಾದ ಜೊತೆಗೆ ಪಳಂಪೊರಿಯಾಗಿ ಬರುತ್ತದೆ. ಹೋಟೆಲಿನಲ್ಲಿ ಗುಲಾಬಿ ಬಣ್ಣದ ಬಿಸಿನೀರು ತಂದಿಟ್ಟಾಗ ಮಕ್ಕಳು ಜ್ಯೂಸ್ ಎಂದು ಬಾಯಿಟ್ಟು ಮುಖ ಕಿವಿಚಿದರು. ಅದು ಪತಿಮುಖದ ಚಕ್ಕೆ ಹಾಕಿ ಕುದಿಸಿದ ನೀರು, ಕೇರಳದಲ್ಲಿ ಎಲ್ಲೆಡೆ ಸಿಗುತ್ತದೆ. ಅಮ್ಮ ಬರುವಾಗ ಆ ಚಕ್ಕೆ ಎರಡು ಪೊಟ್ಟಣ ಕಟ್ಟಿಸಿಕೊಂಡರು.

ಸಂಜೆಗೆ ಕಥಕ್ಕಳಿ. ಫೋರ್ಟ್ ಕೊಚ್ಚಿಯಲ್ಲಿ ಪ್ರವಾಸಿಗರಿಗೆಂದು ಕಡಿಮೆ ಹೊತ್ತಿನ ಆಟ ತೋರಿಸುವ ಸಣ್ಣ ರಂಗಮಂದಿರಗಳಿವೆ. ಅಲ್ಲಿ ಒಂದು ಒಳ್ಳೆಯ ಕ್ರಮ: ಆಟಕ್ಕೆ ಗಂಟೆ ಮೊದಲೇ ಬಂದರೆ ರಂಗದ ಮೇಲೇ ಬಣ್ಣ ಹಾಕುವುದನ್ನು ನೋಡಬಹುದು. ಕಲಾವಿದ ಕನ್ನಡಿ ಹಿಡಿದು ಹಣೆ, ಹುಬ್ಬು, ಕೆನ್ನೆಯ ಗೆರೆಗಳನ್ನು ತಾನೇ ಬರೆದುಕೊಂಡ. ಆಮೇಲೆ ಅಂಗಾತ ಮಲಗಿದ. ಇನ್ನೊಬ್ಬ ತಲೆಯ ಹತ್ತಿರ ಕೂತು ಅಕ್ಕಿಹಿಟ್ಟು, ಸುಣ್ಣದ ಅಂಟಿನಿಂದ ದವಡೆಯ ಗುಂಟ ಬಿಳಿ ಅಂಚು ಕಟ್ಟುತ್ತ ಹೋದ. ನಮ್ಮ ತೆಂಕುತಿಟ್ಟು ಯಕ್ಷಗಾನದ ಬಣ್ಣದ ವೇಷಕ್ಕೆ ಇಡುತ್ತಾರಲ್ಲ, ಅದೇ ಚುಟ್ಟಿ. ಇಲ್ಲಿ ಅಂಚಿಗೆ ಕಾಗದವನ್ನೂ ಅಂಟಿಸುತ್ತಾರೆ. ಮಲಗಿದವನು ಅಲುಗಾಡುವಂತಿಲ್ಲ, ಒಂದು ಸಲ ಗೊರಕೆಯೂ ಕೇಳಿಸಿತು. ಚುಟ್ಟಿ ಒಣಗಿದ ಮೇಲೆ ಆತ ಎದ್ದು, ಚುಂಡ ಗಿಡದ ಹೂವಿನಿಂದ ತೆಗೆದ ಕಾಳಿನಂಥದ್ದನ್ನು ಅಂಗೈಯಲ್ಲಿ ಉಜ್ಜಿ ರೆಪ್ಪೆಯ ಕೆಳಗೆ ಇಟ್ಟುಕೊಂಡ. ಸ್ವಲ್ಪ ಹೊತ್ತಿನಲ್ಲಿ ಕಣ್ಣಿನ ಬಿಳಿ ಕೆಂಪಾಯಿತು. ನನ್ನ ತೋಳನ್ನು ಮಗ ಬಿಗಿಯಾಗಿ ಹಿಡಿದುಕೊಂಡಿದ್ದ.

ಆಟ ಶುರುವಾಗಿ ಚೆಂಡೆ ಬಿದ್ದ ಕೂಡಲೇ ಅವನ ಭಯ ಬಿಟ್ಟಿತು. ಮೇಳದ ಆಟಗಳಲ್ಲಿ ಮಡಿಲಲ್ಲಿ ನಿದ್ದೆ ಮಾಡಿ ಬೆಳೆದ ಮಕ್ಕಳಿಗೆ ಚೆಂಡೆಯ ಸದ್ದು ಮನೆಯ ಸದ್ದೇ. ಆದರೆ ಅವರಿಗೆ ಒಂದು ದೊಡ್ಡ ಕೊರತೆ ಕಂಡಿತು: ‘ಇವರು ಮಾತಾಡುವುದು ಯಾವಾಗ?’ ಮಾತೆಲ್ಲ ಹಿಂದೆ ನಿಂತ ಹಾಡುಗಾರರದ್ದು, ವೇಷಧಾರಿಗೆ ಕಣ್ಣು, ಕೈ ಮಾತ್ರ ಎಂದರೆ ಮಗಳಿಗೆ ಒಪ್ಪಿಗೆಯಾಗಲಿಲ್ಲ. ಅರ್ಥಗಾರಿಕೆ ಇಲ್ಲದ ಮೇಲೆ ರಾಕ್ಷಸನಿಗೆ ಮರ್ಯಾದೆ ಎಲ್ಲಿ ಎಂಬುದು ಅವಳ ವಾದ. ಮುದ್ರೆಗಳ ಪರಿಚಯ ಮಾಡಿಕೊಡುವಾಗ ಮೀನು, ಜಿಂಕೆ, ತಾವರೆ ಬಂದವು. ಅವೆಲ್ಲ ಈಗ ನಮ್ಮ ಮನೆಯ ಊಟದ ಮೇಜಿನ ಮೇಲೂ ಬರುತ್ತಿವೆ. ಇಡೀ ರಾತ್ರಿಯ ಕಥಕ್ಕಳಿಯ ಮುಂದೆ ಈ ಚುಟುಕು ಆಟ ಏನೂ ಅಲ್ಲ ಎಂದು ರಸಿಕರು ಹೇಳಿಯಾರು. ಮಕ್ಕಳಿಗೆ ಬಣ್ಣ ಹಾಕುವ ಆ ಒಂದು ಗಂಟೆಗಾಗಿಯಾದರೂ ಅದನ್ನು ತೋರಿಸಬೇಕು.

ಮಟ್ಟಾಂಚೇರಿ ಅಮ್ಮನ ಪಾಲಿನದ್ದು. ಅಲ್ಲಿಯ ಡಚ್ ಅರಮನೆಯನ್ನು 1555ರ ಸುಮಾರಿಗೆ ಕಟ್ಟಿ ಕೊಚ್ಚಿ ರಾಜನಿಗೆ ಕೊಟ್ಟವರು ಪೋರ್ಚುಗೀಸರು. 1663ರಲ್ಲಿ ಡಚ್ಚರು ದುರಸ್ತಿ ಮಾಡಿದರು, ಹೆಸರು ಅವರದ್ದಾಯಿತು. ರಾಜನ ಮಲಗುವ ಕೋಣೆಯ ಗೋಡೆಗಳ ಮೇಲೆ ಇಡೀ ರಾಮಾಯಣ. ಪುತ್ರಕಾಮೇಷ್ಟಿಯಿಂದ ಶುರು. ಅಮ್ಮ ಗೈಡಿನ ಹಂಗಿಲ್ಲದೆ ಕಥೆ ಹೇಳುತ್ತ ಹೋದರು, ನಮ್ಮ ಜೊತೆಗೆ ಇನ್ನಾರದೋ ಮಕ್ಕಳೂ ಸೇರಿಕೊಂಡು ಭಾಷೆ ತಿಳಿಯದೆಯೂ ಬೆರಳು ತೋರಿಸಿದ ಕಡೆ ನೋಡಿದರು. ಕೆಳಗಿನ ಕೋಣೆಯ ಕೆಲವು ಶೃಂಗಾರ ಚಿತ್ರಗಳ ಮುಂದೆ ಮಾತ್ರ ಅಪ್ಪ ಅಮ್ಮಂದಿರ ನಡಿಗೆ ತುಸು ಚುರುಕಾಗುತ್ತದೆ.

ಅರಮನೆಯ ಮಗ್ಗುಲಲ್ಲೇ ಯಹೂದಿಗಳ ಕೇರಿ. ರಾಜ ಕೊಟ್ಟ ಜಾಗದಲ್ಲಿ 1568ರಲ್ಲಿ ಕಟ್ಟಿದ ಪರದೇಸಿ ಸಿನಗಾಗ್. 1760ರ ಗಡಿಯಾರ ಗೋಪುರ ಬೇರೆ. ನೆಲಕ್ಕೆ ಹಾಸಿದ್ದು ಚೀನಾದಿಂದ ತರಿಸಿದ, ಕೈಯಲ್ಲೇ ನೀಲಿ ಚಿತ್ರ ಬರೆದ ಬಿಳಿ ಬಿಲ್ಲೆಗಳು. ಒಂದರಂತೆ ಇನ್ನೊಂದಿಲ್ಲ ಎನ್ನುತ್ತಾರೆ. ಇಷ್ಟು ಹೇಳಿದರೆ ಸಾಕು, ಮಕ್ಕಳು ಬರಿಗಾಲಲ್ಲಿ ನೆಲ ನೋಡುತ್ತ ಅರ್ಧ ಗಂಟೆ ಕಳೆಯುತ್ತಾರೆ. ಒಂದೇ ಥರದ ಎರಡನ್ನು ಹುಡುಕಿ ಹಿಡಿದೆನೆಂದು ಮಗಳು ಈಗಲೂ ವಾದಿಸುತ್ತಾಳೆ. ಇಸ್ರೇಲ್ ಹುಟ್ಟಿದ ಮೇಲೆ ಇಲ್ಲಿಯವರಲ್ಲಿ ಹೆಚ್ಚಿನವರು ಒಬ್ಬೊಬ್ಬರಾಗಿ ಅಲ್ಲಿಗೆ ಹೋದರು. ಸಾಮೂಹಿಕ ಪ್ರಾರ್ಥನೆಗೆ ಬೇಕಾದ ಹತ್ತು ಗಂಡಸರು ಕೇರಿಯಲ್ಲೇ ಸಿಗುವ ಕಾಲ ಯಾವಾಗಲೋ ಮುಗಿದಿದೆ. ಅವರ ಮನೆಗಳಲ್ಲಿ ಈಗ ಕಾಶ್ಮೀರಿ ಶಾಲು, ಹಿತ್ತಾಳೆ ಸಾಮಾನಿನ ಅಂಗಡಿಗಳು. ಹಳೆ ಕೊಚ್ಚಿಯಲ್ಲಿ ಕೆಲಸ ನಿಲ್ಲಿಸಿದ್ದು ನನಗೆ ಕಂಡದ್ದು ಇದೊಂದೇ. ಅಲ್ಲಿ ಹೆಚ್ಚು ಹೊತ್ತು ನಿಲ್ಲಲು ಮನಸ್ಸಾಗಲಿಲ್ಲ.

ಶುಂಠಿ, ಮೆಣಸಿನ ಘಾಟು ತುಂಬಿದ ಬಜಾರ್ ರಸ್ತೆ ದಾಟಿ ಚೆರ್ಲಾಯಿಯ ಕಡೆ ಬಂದಾಗ ಅಮ್ಮ ಥಟ್ಟನೆ ನಿಂತರು. ಯಾರೋ ಕೊಂಕಣಿ ಮಾತಾಡುತ್ತಿದ್ದರು. ಅಮ್ಮ ಹುಟ್ಟಿ ಬೆಳೆದದ್ದು ಕಾರ್ಕಳದ ತೇರು ಬೀದಿಯಲ್ಲಿ. ಮನೆಭಾಷೆ ಬೇರೆಯಾದರೂ ಕೊಂಕಣಿ ಅವರಿಗೆ ನೀರು ಕುಡಿದಷ್ಟು ಸಲೀಸು. ಗೋವೆಯಲ್ಲಿ ಪೋರ್ಚುಗೀಸರ ಕಾಟ ತಾಳದೆ ಹೊರಟ ಸಾರಸ್ವತರಲ್ಲಿ ಕೆಲವರು ನಮ್ಮ ಕರಾವಳಿಯಲ್ಲಿ ಇಳಿದರೆ, ಕೆಲವರು ಇಲ್ಲಿಯವರೆಗೆ ಬಂದರು. ಇಲ್ಲಿಯ ತಿರುಮಲ ದೇವಸ್ವಂ ಅವರದ್ದೇ, ಒಳಗೆ ವೆಂಕಟರಮಣ. ದೇವಸ್ಥಾನದ ಜಗಲಿಯಲ್ಲಿ ಕೂತಿದ್ದ ಅಜ್ಜಿಯೊಬ್ಬರ ಜೊತೆ ಅಮ್ಮನ ಮಾತು ಶುರುವಾಗಿ, ಮೊಮ್ಮಕ್ಕಳು, ಮಂಡಿನೋವು, ಹಲಸಿನ ಹಪ್ಪಳ ಎಲ್ಲ ಮುಗಿಯುವಷ್ಟರಲ್ಲಿ ನಾವು ಎರಡು ಸಲ ಚಹಾ ಕುಡಿದಿದ್ದೆವು. ಡಚ್ ಗವರ್ನರ್ ವಾನ್ ರೀಡ್ ಮಲಬಾರಿನ ಗಿಡಮೂಲಿಕೆಗಳ ಬಗ್ಗೆ ಮಾಡಿಸಿದ ‘ಹೋರ್ಟಸ್ ಮಲಬಾರಿಕಸ್’ ಎಂಬ 12 ಸಂಪುಟಗಳ ಗ್ರಂಥಕ್ಕೆ ನೆರವಾದವರಲ್ಲಿ ಇಟ್ಟಿ ಅಚ್ಯುದನ್ ವೈದ್ಯರ ಜೊತೆಗೆ ರಂಗ ಭಟ್ಟ, ವಿನಾಯಕ ಪಂಡಿತ, ಅಪ್ಪು ಭಟ್ಟ ಎಂಬ ಮೂವರು ಕೊಂಕಣಿಗರಿದ್ದರು. 1678ರಿಂದ ಆಮ್‌ಸ್ಟರ್‌ಡ್ಯಾಮಿನಲ್ಲಿ ಅಚ್ಚಾದ ಆ ಪುಸ್ತಕದಲ್ಲಿ ಅವರ ಹೇಳಿಕೆ ನಾಗರಿ ಲಿಪಿಯಲ್ಲೇ ಇದೆ. ಅಜ್ಜಿಗೆ ಇದನ್ನು ಹೇಳಿದರೆ, ‘ನಮ್ಮ ಮನೆಯಲ್ಲೂ ಎಲ್ಲರೂ ಕಷಾಯದವರೇ’ ಎಂದರು.

ಎರಡು ವರ್ಷಕ್ಕೊಮ್ಮೆ ಡಿಸೆಂಬರಿನಿಂದ ಮಾರ್ಚಿನ ತನಕ ಇಲ್ಲಿ ಬಿನಾಲೆ ಎಂಬ ಕಲಾಪ್ರದರ್ಶನ ನಡೆಯುತ್ತದೆ. ಮೊದಲನೆಯದು ಶುರುವಾದದ್ದು 2012ರ ಡಿಸೆಂಬರ್ 12ರಂದು, ಬೋಸ್ ಕೃಷ್ಣಮಾಚಾರಿ ಮತ್ತು ರಿಯಾಸ್ ಕೋಮು ಎಂಬ ಕಲಾವಿದರ ಹಟದಿಂದ. ಹಳೆಯ ಗೋದಾಮುಗಳೇ ಗ್ಯಾಲರಿಗಳು. ಅವುಗಳಲ್ಲಿ ಹೆಸರಾದದ್ದು ಕಡಲ ದಂಡೆಯ ಆಸ್ಪಿನ್‌ವಾಲ್ ಹೌಸ್. ಮಂಗಳೂರಿನ ಕಾಫಿ ಕ್ಯೂರಿಂಗ್ ಕಂಡವರಿಗೆ ಈ ಹೆಸರು ಹೊಸದಲ್ಲ. ಸಮಕಾಲೀನ ಕಲೆ ನನಗೆ ಅಷ್ಟಕ್ಕಷ್ಟೆ. ಎಷ್ಟೋ ಕಡೆ ಗೋಡೆಯ ಬರಹವನ್ನು ಎರಡು ಸಲ ಓದಿಯೂ ಏನೂ ಹೊಳೆಯಲಿಲ್ಲ. ಮಕ್ಕಳಿಗೆ ಆ ಕಷ್ಟವಿಲ್ಲ. ಕತ್ತಲೆ ಕೋಣೆ, ವಿಚಿತ್ರ ಸದ್ದು, ನೆಲದಲ್ಲಿ ಮಣ್ಣಿನ ರಾಶಿ ಕಂಡರೆ ಸಾಕು. ಅವರಿಗೆಂದೇ ಬಣ್ಣ, ಕಾಗದ ಕೊಟ್ಟು ಕೂರಿಸುವ ಕಾರ್ಯಕ್ರಮವೂ ಬಿನಾಲೆಯ ಜೊತೆಗಿದೆ.

ಇನ್ನು ಕಾರ್ನಿವಲ್. 1980ರ ದಶಕದಲ್ಲಿ ಶುರುವಾಗಿ ಪ್ರತಿ ಡಿಸೆಂಬರಿನ ಕೊನೆಗೆ ನಡೆಯುವ ಈ ಹಬ್ಬಕ್ಕೆ ಜಾತಿ ಧರ್ಮದ ಲೆಕ್ಕವಿಲ್ಲ. ಸೈಕಲ್ ರೇಸು, ಈಜು, ಫುಟ್‌ಬಾಲು, ರಂಗೋಲಿ ಎಲ್ಲ ಉಂಟು. ಓಣಿ ಓಣಿಯಲ್ಲಿ ಹುಡುಗರು ಹುಲ್ಲು, ಹಳೆ ಬಟ್ಟೆ ತುಂಬಿ ‘ಪಪ್ಪಾಂಜಿ’ ಮಾಡಿ ಕೂರಿಸುತ್ತಾರೆ: ಗಡ್ಡ, ಕೋಟು, ಟೋಪಿಯ ಮುದುಕ. ಅವನು ಮುಗಿದ ವರ್ಷ. 31ರ ಮಧ್ಯರಾತ್ರಿ ಅವನನ್ನು ಸುಡುತ್ತಾರೆ. ಮುಖ್ಯ ಪಪ್ಪಾಂಜಿ ಉರಿಯುವುದು ಪರೇಡ್ ಮೈದಾನದಲ್ಲಿ, ಲಕ್ಷಗಟ್ಟಲೆ ಜನರ ನಡುವೆ. ಹಿಂದಿನ ವರ್ಷಗಳಲ್ಲಿ ಅಲ್ಲಿ ಉಸಿರುಗಟ್ಟುವ ನೂಕುನುಗ್ಗಲೂ ಆಗಿದೆ. ನಾವು ಅತ್ತ ಹೋಗಲಿಲ್ಲ. ಉಳಿದುಕೊಂಡಿದ್ದ ಹೋಮ್‌ಸ್ಟೇಯ ಓಣಿಯ ತಿರುವಿನಲ್ಲೇ ಒಬ್ಬ ಆಳೆತ್ತರದ ಮುದುಕನಿದ್ದ. ಮುಂದೆ ಚಿಲ್ಲರೆ ಹಾಕುವ ಡಬ್ಬಿ. ಹನ್ನೆರಡಕ್ಕೆ ಹುಡುಗರು ಬೆಂಕಿ ಕೊಟ್ಟರು, ಒಳಗಿಟ್ಟ ಪಟಾಕಿ ಸಿಡಿಯಿತು, ಬುರ್ಖಾ ಹಾಕಿದವರೊಬ್ಬರು ಎಲ್ಲ ಮಕ್ಕಳ ಕೈಗೂ ಕೇಕಿನ ತುಂಡು ಇಟ್ಟರು. ಮರುದಿನ ಮಧ್ಯಾಹ್ನದ ಮೇಲೆ ಮೆರವಣಿಗೆ: ಆನೆ, ಪಂಚವಾದ್ಯ, ಟ್ಯಾಬ್ಲೋ, ವೇಷಗಳು. ಮಾರ್ನೆಮಿ ವೇಷ, ಹುಲಿ ಕುಣಿತ ನೋಡಿ ಬೆಳೆದವರಿಗೆ ಕುಣಿತ ಸ್ವಲ್ಪ ಸಪ್ಪೆ ಎನ್ನಿಸಬಹುದು, ಆದರೆ ಬೀದಿಯ ಎರಡೂ ಬದಿ ಮನೆಯವರೆಲ್ಲ ಕುರ್ಚಿ ತಂದು ಹಾಕಿ ಕೂರುವ ಆ ಸಡಗರ ನಮ್ಮದೇ.

ಹೋಗುವವರಿಗೆ ನಾಲ್ಕು ಮಾತು. ಸಣ್ಣ ಮಕ್ಕಳಿದ್ದರೆ 31ರ ರಾತ್ರಿ ಪರೇಡ್ ಮೈದಾನದ ಆಸೆ ಬಿಟ್ಟು ಜನವರಿ 1ರ ಮೆರವಣಿಗೆ ನೋಡಿ. ಸಿನಗಾಗ್ ಶನಿವಾರ ತೆರೆಯುವುದಿಲ್ಲ, ಅದಕ್ಕೆ ತಕ್ಕಂತೆ ದಿನ ಇಟ್ಟುಕೊಳ್ಳಿ. ಬಲೆಯ ಹಗ್ಗ ಮುಟ್ಟುವ ಮೊದಲೇ ಎಷ್ಟು ಕೊಡಬೇಕೆಂದು ಕೇಳಿಕೊಳ್ಳಿ, ಕೇಳಿದ ಮೇಲೆ ಚೌಕಾಸಿ ಮಾಡಬೇಡಿ. ವರ್ಷದ ಕೊನೆಯ ವಾರಕ್ಕೆ ರೂಮು ಬೇಕಿದ್ದರೆ ದಸರಾ ಮುಗಿದ ಕೂಡಲೇ ಬುಕ್ ಮಾಡಿ. ಡಿಸೆಂಬರಿನಲ್ಲಿ ಹುಡುಕಿದರೆ ಸಿಗುವುದು ಎರ್ನಾಕುಲಂನಲ್ಲಿ ಮಾತ್ರ.